ಹೋದ ಪ್ಯಾಕೆಟ್ ಮನೆಗೆ ಮರಳಬೇಕು: ಗೇಟ್‌ವೇ ಇಂಟರ್‌ಫೇಸ್ ಬಗ್ಗೆ ಒಂದು ಭಾನುವಾರದ ಮಾತು

(ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಹುಡುಗ-ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ. ತಾಳವಾಡಿ, ಹೊಸೂರು, ಕಾಸರಗೋಡು, ಜತ್ತ, ಅಕ್ಕಲಕೋಟೆ, ಮಡಕಶಿರಾ ಕಡೆಯ ಗೆಳೆಯರಿಗೂ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಹಾಕಿದ್ದೇವೆ.)

ತಮ್ಮಂದಿರೇ, ತಂಗಿಯರೇ, ಹಿಂದೆ ಗೋಡೆಗೆ ಒರಗಿ ಕೂತಿರೋ ಅಪ್ಪ-ಅಮ್ಮಂದಿರೇ, ಕನ್ನಡದವರು ಕರೆದಿದ್ದಾರೆ ಅಂದ್ರೆ ರಾಜ್ಯೋತ್ಸವ, ಬಾವುಟ, ಸನ್ಮಾನ ಅಂದುಕೊಂಡು ಬಂದವರಿಗೆ ಸ್ವಲ್ಪ ಬೇಜಾರಾಗಬಹುದು. ಇವತ್ತು ಬೋರ್ಡ್ ಮೇಲೆ ಬರೆದಿರೋದು ಐಪಿ ವಿಳಾಸ. ಇವತ್ತಿನ ವಿಷಯ ವರ್ಚುವಲ್ ನೆಟ್‌ವರ್ಕಿನಲ್ಲಿ ಗೇಟ್‌ವೇ ಇಂಟರ್‌ಫೇಸ್ ಹೇಗೆ ಕಟ್ಟೋದು, ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಅದನ್ನ ಹೇಗೆ ಕೇಳ್ತಾರೆ ಅನ್ನೋದು.

ಕನ್ನಡದ ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳ್ತೀರಿ. ಸಂಬಂಧ ಇದೆ. ನಮ್ಮ ದೇವಾಂಗರ, ಒಕ್ಕಲಿಗರ, ಅನುಪ್ಪರ ಮನೆಗಳಲ್ಲಿ ಮಾತು ಕನ್ನಡ. ಶಾಲೇಲಿ, ಬೀದೀಲಿ ತಮಿಳು. ಪರೀಕ್ಷೆ, ಇಂಟರ್‌ವ್ಯೂ ಇಂಗ್ಲಿಷು. ತಮಿಳು ನಮಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಆದ್ರೆ ಕಷ್ಟದ ವಿಷಯವನ್ನ ನಾವು ಯಾವತ್ತೂ ಮನೆ ಮಾತಲ್ಲಿ ಬಿಡಿಸಿಕೊಂಡಿಲ್ಲ. ಅಡುಗೆಗೆ, ಜಗಳಕ್ಕೆ, ಸೌಡೇಶ್ವರಿ ಅಮ್ಮನ ಹಬ್ಬಕ್ಕೆ ಕನ್ನಡ ಸಾಕು, ಕಂಪ್ಯೂಟರಿಗೆ ಆಗಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಅದು ಸುಳ್ಳು ಅಂತ ಭಾಷಣದಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಪಾಠ ಮಾಡಿ ತೋರಿಸಬೇಕು.

ಮೊದಲು ನಮ್ಮ ಸೋಲಿನ ಕತೆ ಹೇಳ್ತೇವೆ. ಈ ಗುಂಪಿನಲ್ಲಿ ವಿಎಂವೇರ್ ಎನ್‌ಎಸ್‌ಎಕ್ಸ್ ಪರೀಕ್ಷೆಗೆ ಮೊದಲು ಕೂತವರು ನಾವು ಮೂವರು. ಸಿಕ್ಕ ಪ್ರಶ್ನೆ-ಉತ್ತರಗಳ ಕಟ್ಟು ಬಾಯಿಪಾಠ ಮಾಡಿದ್ವಿ. 'ಎಕ್ಸ್‌ಟರ್ನಲ್ ಇಂಟರ್‌ಫೇಸ್' ಅಂತ ಕಂಡ್ರೆ ಇಂಥ ಉತ್ತರ ಅಂತ ಗುರುತು ಇಟ್ಟುಕೊಂಡಿದ್ವಿ. ಪರೀಕ್ಷೇಲಿ ಅದೇ ವಿಷಯವನ್ನ ತಿರುಗಿಸಿ ಕೇಳಿದ್ರು: ಒಬ್ಬ ಅಡ್ಮಿನ್ ಹೀಗೆ ಹೀಗೆ ಮಾಡಿದಾನೆ, ಒಳಗಿನ ಮೆಷಿನ್‌ಗಳು ಒಂದಕ್ಕೊಂದು ಮಾತಾಡ್ತಿವೆ, ಹೊರಗೆ ಹೋಗ್ತಿಲ್ಲ, ಏನು ಬಿಟ್ಟಿದ್ದಾನೆ? ಮೂವರೂ ಕೈಚೆಲ್ಲಿದ್ವಿ. ಕಟ್ಟಿದ ಶುಲ್ಕ ಹೋಯ್ತು. ಒಬ್ಬರ ಮನೇಲಿ ಅದು ಎರಡು ತಿಂಗಳ ಮಗ್ಗದ ಕೂಲಿ. ಅಂಥ ಕದ್ದ ಪ್ರಶ್ನೆಗಳನ್ನ ಓದೋದು ಪರೀಕ್ಷೆಯ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ರೆ ಸರ್ಟಿಫಿಕೇಟೇ ರದ್ದಾಗುತ್ತೆ ಅಂತಲೂ ಆಮೇಲೆ ತಿಳೀತು.

ಆಮೇಲೆ ಒಂದಿನ ರಾತ್ರಿ ಮನೆ ಜಗಲಿ ಮೇಲೆ ಕೂತು, ಇದನ್ನೇ ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳೋಕೆ ಶುರು ಮಾಡಿದ್ವಿ. ಹೇಳೋಕೆ ಬರಲಿಲ್ಲ. ಅವತ್ತು ಗೊತ್ತಾಯ್ತು, ನಮಗೆ ಇಂಗ್ಲಿಷ್ ಬರದೇ ಇದ್ದದ್ದಲ್ಲ, ವಿಷಯವೇ ಬಂದಿರಲಿಲ್ಲ ಅಂತ. ಇವತ್ತಿನ ಪಾಠ ಆ ಜಗಲಿಯಲ್ಲಿ ಹುಟ್ಟಿದ್ದು.

ಗೇಟ್‌ವೇ ಅಂದ್ರೆ ಏನು

ಇಲ್ಲಿಂದ ಮೈಸೂರು ಕಡೆಗೆ ಹೋಗೋ ದಾರಿ ಎಲ್ಲರಿಗೂ ಗೊತ್ತು. ಅನ್ನೂರು, ಪುಳಿಯಂಪಟ್ಟಿ, ಸತ್ಯಮಂಗಲ, ಬಣ್ಣಾರಿ. ಅಲ್ಲಿಂದ ದಿಂಬಂ ಘಾಟು, 27 ಹೇರ್‌ಪಿನ್ ತಿರುವು. ಹತ್ತಿದ ಮೇಲೆ ಹಾಸನೂರು, ಕಾರಾಪಳ್ಳಂ ಚೆಕ್‌ಪೋಸ್ಟ್, ಆ ಕಡೆ ಪುಣಜನೂರು, ಚಾಮರಾಜನಗರ. 1956ಕ್ಕೆ ಮುಂಚೆ ಕೊಳ್ಳೇಗಾಲ ನಮ್ಮ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯಗಳು ಬೇರೆಯಾದ ಮೇಲೆ ನಡುವೆ ಚೆಕ್‌ಪೋಸ್ಟ್ ಬಂತು.

ಚೆಕ್‌ಪೋಸ್ಟಿಗೆ ಎರಡು ಮುಖ. ಒಂದು ತಮಿಳುನಾಡಿನ ಕಡೆ ನೋಡುತ್ತೆ, ಇನ್ನೊಂದು ಕರ್ನಾಟಕದ ಕಡೆ. ಗೇಟ್‌ವೇ ಅಂದ್ರೆ ಇಷ್ಟೇ: ಎರಡು ನೆಟ್‌ವರ್ಕುಗಳ ನಡುವಿನ ಬಾಗಿಲು. ಇಂಟರ್‌ಫೇಸ್ ಅಂದ್ರೆ ಆ ಬಾಗಿಲಿನ ಒಂದೊಂದು ಮುಖ. ಈಗ ಇದನ್ನ ಬರೆದಿಟ್ಟುಕೊಳ್ಳಿ: ಐಪಿ ವಿಳಾಸ ಗೇಟ್‌ವೇಗೆ ಇರಲ್ಲ, ಅದರ ಒಂದೊಂದು ಮುಖಕ್ಕೂ ಇರುತ್ತೆ. ಎರಡು ಮುಖ ಇದ್ರೆ ಎರಡು ವಿಳಾಸ, ಐದು ಮುಖ ಇದ್ರೆ ಐದು. ಒಂದೊಂದು ಮುಖದ ವಿಳಾಸವೂ ಅದು ನೋಡೋ ಕಡೆಯ ಊರಿಗೇ ಸೇರಿರಬೇಕು. 10.20.1 ಅನ್ನೋ ಊರಿನ ಕಡೆ ನೋಡೋ ಮುಖಕ್ಕೆ 10.20.2ರ ವಿಳಾಸ ಕೊಟ್ರೆ ಆ ಊರಿನವರಿಗೆ ಬಾಗಿಲು ಕಾಣಲ್ಲ.

ಚೆಕ್‌ಪೋಸ್ಟಲ್ಲಿ ನಿಯಮವೂ ಇರುತ್ತೆ. ದಿಂಬಂ ದಾರೀಲಿ ಕಾಡುಪ್ರಾಣಿಗಳಿಗೋಸ್ಕರ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಲಾರಿಯವರಿಗೆ ಗೊತ್ತು. ದಾರಿ ಇದೆ, ಗೇಟ್ ಹಾಕಿದೆ. ನೆಟ್‌ವರ್ಕಲ್ಲೂ ದಾರಿ ಬೇರೆ, ಅನುಮತಿ ಬೇರೆ. ದಾರಿ ನೋಡ್ಕೊಳ್ಳೋದು ರೌಟಿಂಗ್, ಅನುಮತಿ ನೋಡ್ಕೊಳ್ಳೋದು ಫೈರ್‌ವಾಲ್. ಪರೀಕ್ಷೇಲಿ ಇವೆರಡನ್ನ ಬೆರೆಸಿ ಗೊಂದಲ ಮಾಡ್ತಾರೆ, ಹುಷಾರು.

ವರ್ಚುವಲ್ ಅಂದಾಗ ಏನು ಬದಲಾಗುತ್ತೆ

ತಿರುಪ್ಪೂರಿನ ಒಂದು ಬನಿಯನ್ ಕಂಪನಿ ಅಂತ ಇಟ್ಟುಕೊಳ್ಳಿ. ಸರ್ವರ್ ರೂಮಲ್ಲಿ ಎರಡು ದೊಡ್ಡ ಸರ್ವರ್. ಅವುಗಳ ಒಳಗೆ ಇಪ್ಪತ್ತು ವರ್ಚುವಲ್ ಮೆಷಿನ್. ಕೆಲವು ಲೆಕ್ಕಪತ್ರದ್ದು, ಕೆಲವು ಕಟಿಂಗ್ ವಿಭಾಗದ್ದು. ಎರಡನ್ನೂ ಬೇರೆ ಬೇರೆ ನೆಟ್‌ವರ್ಕಲ್ಲಿ ಇಡಬೇಕು. ಇಷ್ಟು ಚಿಕ್ಕ ಕಂಪನಿಗೆ ಎನ್‌ಎಸ್‌ಎಕ್ಸ್ ಯಾರೂ ಹಾಕಲ್ಲ. ಬ್ಯಾಂಕು, ಡೇಟಾ ಸೆಂಟರಿನಂಥ ಜಾಗಕ್ಕೆ ಮಾಡಿದ್ದು ಅದು. ಕಲಿಯೋಕೆ ಈ ಲೆಕ್ಕ ಸಾಕು.

ಹಳೇ ಕಾಲದಲ್ಲಿ ಲೆಕ್ಕದ ಮೆಷಿನ್ ಕಟಿಂಗ್ ಮೆಷಿನ್‌ಗೆ ಏನಾದ್ರೂ ಕಳಿಸಬೇಕಾದ್ರೆ, ಎರಡೂ ಒಂದೇ ಸರ್ವರ್ ಒಳಗಿದ್ರೂ, ಪ್ಯಾಕೆಟ್ ಹೊರಗಿನ ರೌಟರ್ ತನಕ ಹೋಗಿ ತಿರುಗಿ ಅದೇ ಸರ್ವರಿಗೆ ಬರಬೇಕಿತ್ತು. ಪಕ್ಕದ ಮನೆಗೆ ಹೋಗೋಕೆ ದಿಂಬಂ ಹತ್ತಿ ಇಳಿದ ಹಾಗೆ. ಈ ಸುತ್ತಾಟಕ್ಕೆ ನೆಟ್‌ವರ್ಕಿನವರು ಇಟ್ಟ ಹೆಸರೂ ಹೇರ್‌ಪಿನ್ನೇ.

ಇದನ್ನ ತಪ್ಪಿಸೋಕೆ ರೌಟರನ್ನೇ ಸಾಫ್ಟ್‌ವೇರ್ ಮಾಡಿ ಪ್ರತಿ ಸರ್ವರ್ ಒಳಗೂ ಕೂರಿಸಿದ್ರು. 2007ರಲ್ಲಿ ಶುರುವಾದ ನಿಸಿರಾ ಅನ್ನೋ ಕಂಪನಿಯನ್ನ 2012ರಲ್ಲಿ ವಿಎಂವೇರ್ ಕೊಂಡಿತು, ಆ ಕೆಲಸ ಬೆಳೆದು 2013ರಲ್ಲಿ ಎನ್‌ಎಸ್‌ಎಕ್ಸ್ ಬಂತು. 2023ರ ನವೆಂಬರಲ್ಲಿ ವಿಎಂವೇರನ್ನ ಬ್ರಾಡ್‌ಕಾಮ್ ಕೊಂಡಿತು. ಅದಕ್ಕೇ ಪರೀಕ್ಷೆಯ ಹೆಸರು, ಸಂಖ್ಯೆ, ನಿಯಮ ಆಗಾಗ ಬದಲಾಗ್ತಿವೆ. ದುಡ್ಡು ಕಟ್ಟೋ ಮುಂಚೆ ಬ್ರಾಡ್‌ಕಾಮ್ ತಾಣದಲ್ಲಿ ನೀವೇ ನೋಡಿ, ಯಾರೋ ಹೇಳಿದ್ರು ಅಂತ ಕಟ್ಟಬೇಡಿ.

ಎನ್‌ಎಸ್‌ಎಕ್ಸ್‌ನಲ್ಲಿ ಒಂದು ಗೇಟ್‌ವೇ ಒಳಗೆ ಎರಡು ಭಾಗ. ಒಂದು ಡಿಸ್ಟ್ರಿಬ್ಯೂಟೆಡ್ ರೌಟರ್, ಚಿಕ್ಕದಾಗಿ ಡಿಆರ್. ಅದು ಪ್ರತಿ ಸರ್ವರಲ್ಲೂ ಇರುತ್ತೆ, ಒಳಗಿನ ಓಡಾಟ ಅಲ್ಲೇ ಮುಗಿಸುತ್ತೆ. ಇನ್ನೊಂದು ಸರ್ವಿಸ್ ರೌಟರ್, ಎಸ್‌ಆರ್. ಅದು ಎಡ್ಜ್ ನೋಡ್ ಅನ್ನೋ ಬೇರೆ ಮೆಷಿನ್‌ನಲ್ಲಿ ಇರುತ್ತೆ. ಹೊರಗೆ ಹೋಗೋ ಬಾಗಿಲು, ನ್ಯಾಟ್, ಗೇಟ್‌ವೇ ಫೈರ್‌ವಾಲ್ ಇವೆಲ್ಲ ಅಲ್ಲಿ. ಡಿಆರ್ ಅಂದ್ರೆ ಎಲ್ಲ ಮನೇಲೂ ಇರೋ ಒಳಬಾಗಿಲು, ಎಸ್‌ಆರ್ ಅಂದ್ರೆ ಊರಾಚೆಯ ಚೆಕ್‌ಪೋಸ್ಟ್.

ಎರಡು ಹಂತ

ನಮ್ಮೂರಿಂದ ಹೊರರಾಜ್ಯಕ್ಕೆ ಹೋಗೋರು ಮೊದಲು ನಮ್ಮೂರ ಬಸ್‌ಸ್ಟ್ಯಾಂಡಿಗೆ ಬರ್ತಾರೆ, ಅಲ್ಲಿಂದ ಗಾಂಧಿಪುರಂ, ಗಾಂಧಿಪುರದಿಂದ ಹೊರರಾಜ್ಯದ ಬಸ್. ಎನ್‌ಎಸ್‌ಎಕ್ಸ್‌ನಲ್ಲೂ ಹೀಗೇ ಎರಡು ಹಂತ. ಟಿಯರ್-1 ಗೇಟ್‌ವೇ ನಮ್ಮೂರ ಬಸ್‌ಸ್ಟ್ಯಾಂಡ್, ಟಿಯರ್-0 ಗೇಟ್‌ವೇ ಗಾಂಧಿಪುರಂ. ನಮ್ಮ ವರ್ಚುವಲ್ ಮೆಷಿನ್‌ಗಳ ಊರುಗಳಿಗೆ ಸೆಗ್‌ಮೆಂಟ್ ಅಂತಾರೆ. ಸೆಗ್‌ಮೆಂಟ್ ಟಿಯರ್-1ಕ್ಕೆ ಸೇರುತ್ತೆ, ಟಿಯರ್-1 ಟಿಯರ್-0ಗೆ, ಟಿಯರ್-0 ಹೊರಗಿನ ನಿಜವಾದ ರೌಟರಿಗೆ.

ಮುಖಗಳು ಒಂದೊಂದಾಗಿ

ಪರೀಕ್ಷೆಯಲ್ಲಿ ಬೇಕಾದ್ದು ಐದು. ಬೋರ್ಡ್ ನೋಡಿ.

ಒಂದು, ಡೌನ್‌ಲಿಂಕ್. ಮನೆ ಕಡೆ ನೋಡೋ ಮುಖ. ಸೆಗ್‌ಮೆಂಟ್ ಮಾಡುವಾಗ ಗೇಟ್‌ವೇ ವಿಳಾಸ ಕೇಳುತ್ತೆ. ಲೆಕ್ಕದ ಸೆಗ್‌ಮೆಂಟಿಗೆ 10.20.1.1/24, ಕಟಿಂಗ್‌ಗೆ 10.20.2.1/24 ಕೊಡಿ. ಅಷ್ಟು ಕೊಟ್ಟು ಟಿಯರ್-1ಕ್ಕೆ ಸೇರಿಸಿದ್ರೆ ಡೌನ್‌ಲಿಂಕ್ ತಾನಾಗಿ ಹುಟ್ಟುತ್ತೆ. ಇಲ್ಲಿ ಎಲ್ಲರೂ ಎಡವೋ ಜಾಗ: 10.20.1.0/24 ಅಂತ ಬರೆಯೋದು. ಅದು ಊರಿನ ಹೆಸರು, ಬಾಗಿಲ ನಂಬರ್ ಅಲ್ಲ. ಬಾಗಿಲ ನಂಬರನ್ನೇ ಕೊಡಬೇಕು, ಹಿಂದೆ /24 ಅಂತ ಊರಿನ ಅಳತೆಯನ್ನೂ ಹೇಳಬೇಕು.

ಎರಡು, ರೌಟರ್ ಲಿಂಕ್. ಟಿಯರ್-1ಕ್ಕೂ ಟಿಯರ್-0ಗೂ ನಡುವಿನ ದಾರಿ. ಇದನ್ನ ನಾವು ಮಾಡಲ್ಲ, ಎರಡನ್ನ ಜೋಡಿಸಿದ ತಕ್ಷಣ ಎನ್‌ಎಸ್‌ಎಕ್ಸೇ ಮಾಡುತ್ತೆ. ಬದಲಾಯಿಸದೇ ಇದ್ರೆ 100.64.0.0/16 ಅನ್ನೋ ರಾಶಿಯಿಂದ ಒಂದು /31 ತಗೊಳ್ಳುತ್ತೆ. /31 ಅಂದ್ರೆ ಎರಡೇ ವಿಳಾಸ, ಆ ತುದಿಗೊಂದು ಈ ತುದಿಗೊಂದು. ಡಿಆರ್‌ಗೂ ಎಸ್‌ಆರ್‌ಗೂ ನಡುವೆ ಇನ್ನೊಂದು ಒಳದಾರಿ ಇದೆ, ಅದಕ್ಕೆ 169.254.0.0/24. ಟ್ರೇಸ್‌ರೌಟ್ ಮಾಡಿದಾಗ ಇಂಥ ವಿಳಾಸ ಕಂಡ್ರೆ ಹೆದರಬೇಡಿ, ಅವು ಒಳಗಿನವೇ.

ಮೂರು, ಎಕ್ಸ್‌ಟರ್ನಲ್. ಟಿಯರ್-0ರ ಹೊರಮುಖ. ಇದಕ್ಕೆ ಮೂರು ಸಾಮಾನು ಬೇಕು: ಒಂದು ಐಪಿ ವಿಳಾಸ, ವಿಲಾನ್ ಸೆಗ್‌ಮೆಂಟ್, ಎಡ್ಜ್ ನೋಡ್. ಒಳಗೆ ಬಳಸೋ ಓವರ್‌ಲೇ ಸೆಗ್‌ಮೆಂಟ್ ಇಲ್ಲಿ ನಡೆಯಲ್ಲ. ಯಾಕೆ ಅಂದ್ರೆ ಹೊರಗಿನ ನಿಜ ರೌಟರಿಗೆ ನಮ್ಮ ಒಳಗಿನ ಜನೀವ್ ಹೊದಿಕೆ ಅರ್ಥವಾಗಲ್ಲ, ಅದಕ್ಕೆ ಬೇಕಾದ್ದು ಸಾಮಾನ್ಯ ವಿಲಾನ್. ನಮ್ಮ ಲೆಕ್ಕದಲ್ಲಿ ವಿಲಾನ್ 50, ಮೊದಲ ಎಡ್ಜ್‌ಗೆ 192.168.50.2/24, ಎರಡನೇದಕ್ಕೆ 192.168.50.3/24, ಹೊರಗಿನ ರೌಟರ್ 192.168.50.1. ಒಂದೊಂದು ಎಡ್ಜ್‌ಗೂ ಬೇರೆ ಬೇರೆ ಇಂಟರ್‌ಫೇಸ್, ಬೇರೆ ಬೇರೆ ವಿಳಾಸ.

ನಾಲ್ಕು, ಸರ್ವಿಸ್ ಇಂಟರ್‌ಫೇಸ್. ಹಳೇ ವಿಲಾನ್‌ನಲ್ಲೇ ಉಳಿದ ಮೆಷಿನ್‌ಗಳಿಗೂ ಗೇಟ್‌ವೇಯ ಸೇವೆ ಬೇಕಾದಾಗ ಇಡೋ ಪಕ್ಕದ ಬಾಗಿಲು. ಟಿಯರ್-0, ಟಿಯರ್-1 ಎರಡರಲ್ಲೂ ಇಡಬಹುದು. ಆದ್ರೆ ಎಸ್‌ಆರ್ ಇರಲೇಬೇಕು, ಅಂದ್ರೆ ಗೇಟ್‌ವೇಗೆ ಎಡ್ಜ್ ಕ್ಲಸ್ಟರ್ ಕೊಟ್ಟಿರಬೇಕು. ಬರೀ ಒಳಗಿನ ಓಡಾಟಕ್ಕೆ ಟಿಯರ್-1ಕ್ಕೆ ಎಡ್ಜ್ ಕ್ಲಸ್ಟರ್ ಬೇಡ. ನ್ಯಾಟ್, ಗೇಟ್‌ವೇ ಫೈರ್‌ವಾಲ್, ಸರ್ವಿಸ್ ಇಂಟರ್‌ಫೇಸ್ ಬೇಕಾದ್ರೆ ಬೇಕು. ಈ ಒಂದು ವಾಕ್ಯದ ಮೇಲೆ ಪ್ರಶ್ನೆ ಬಂದೇ ಬರುತ್ತೆ ಅಂತ ತಯಾರಿರಿ.

ಐದು, ಲೂಪ್‌ಬ್ಯಾಕ್. ಇದು ಯಾವ ಊರಿನ ಕಡೆಗೂ ನೋಡಲ್ಲ. ಗೇಟ್‌ವೇಗೆ ಒಂದು ಸ್ಥಿರವಾದ ಗುರುತಿನ ವಿಳಾಸ ಬೇಕಲ್ಲ, ಅದಕ್ಕೆ. ತಂತಿ ಕಿತ್ತರೂ ಲೂಪ್‌ಬ್ಯಾಕ್ ಬೀಳಲ್ಲ.

ಕಟ್ಟೋ ಕ್ರಮ

ನಾವು ಕಲಿತ ಕ್ರಮ ಇದು. ಮೊದಲು ಎಡ್ಜ್ ನೋಡ್‌ಗಳು ಮತ್ತು ಅವುಗಳ ಕ್ಲಸ್ಟರ್ ಸರಿ ಇದೆಯಾ ನೋಡಿ. ಆಮೇಲೆ ಹೊರದಾರಿಗೆ ವಿಲಾನ್ ಸೆಗ್‌ಮೆಂಟ್. ಆಮೇಲೆ ಟಿಯರ್-0 ಗೇಟ್‌ವೇ, ಅದರ ಎಕ್ಸ್‌ಟರ್ನಲ್ ಮುಖಗಳು. ಆಮೇಲೆ ಹೊರಗಿನ ರೌಟರ್ ಜೊತೆ ದಾರಿಯ ಒಪ್ಪಂದ, ಸ್ಟ್ಯಾಟಿಕ್ ಆಗ್ಲಿ ಬಿಜಿಪಿ ಆಗ್ಲಿ. ಆಮೇಲೆ ಟಿಯರ್-1, ಅದನ್ನ ಟಿಯರ್-0ಗೆ ಜೋಡಿಸೋದು. ಕೊನೆಗೆ ಸೆಗ್‌ಮೆಂಟ್‌ಗಳು.

ಟಿಯರ್-0 ಮಾಡುವಾಗಲೇ ಆಕ್ಟಿವ್-ಆಕ್ಟಿವ್ ಬೇಕಾ, ಆಕ್ಟಿವ್-ಸ್ಟ್ಯಾಂಡ್‌ಬೈ ಬೇಕಾ ಅಂತ ಕೇಳುತ್ತೆ. ಆಕ್ಟಿವ್-ಆಕ್ಟಿವ್‌ನಲ್ಲಿ ಎಂಟು ಎಡ್ಜ್ ತನಕ ಒಟ್ಟಿಗೆ ಕೆಲಸ ಮಾಡುತ್ತೆ. ಆಕ್ಟಿವ್-ಸ್ಟ್ಯಾಂಡ್‌ಬೈಯಲ್ಲಿ ಒಂದು ದುಡಿಯುತ್ತೆ, ಇನ್ನೊಂದು ಕಾಯುತ್ತೆ. ಈ ಎರಡನೇ ಬಗೆಯಲ್ಲಿ ಮಾತ್ರ ಎಚ್‌ಎ ವಿಐಪಿ ಇಡಬಹುದು. ಅದು ಎರಡೂ ಎಡ್ಜ್‌ಗಳ ಪರವಾಗಿ ನಿಲ್ಲೋ ಒಂದು ಸಾಮಾನ್ಯ ವಿಳಾಸ. ನಮ್ಮ ಲೆಕ್ಕದಲ್ಲಿ 192.168.50.4. ಹೊರಗಿನ ರೌಟರ್ ಸ್ಟ್ಯಾಟಿಕ್ ದಾರಿ ಬಳಸ್ತಿದ್ರೆ ಇದು ತುಂಬಾ ಅನುಕೂಲ, ಒಂದು ಎಡ್ಜ್ ಬಿದ್ರೂ ಅದು ಬರೆದುಕೊಂಡ ವಿಳಾಸ ಬದಲಾಗಲ್ಲ.

ಹೋಗೋ ದಾರಿ, ಬರೋ ದಾರಿ

ಈಗ ನಾವು ಫೇಲಾದ ಪ್ರಶ್ನೆಗೆ ಬರೋಣ. ಒಳಗಿನ ಮೆಷಿನ್‌ಗಳು ಮಾತಾಡ್ತಿವೆ, ಹೊರಗೆ ಹೋಗ್ತಿಲ್ಲ. ಏನು ತಪ್ಪು?

ನಿಜ ಹೇಳಬೇಕಂದ್ರೆ ಎಷ್ಟೋ ಸಲ ಪ್ಯಾಕೆಟ್ ಹೊರಗೆ ಹೋಗಿರುತ್ತೆ. ಮರಳಿ ಬಂದಿರಲ್ಲ. ಲೆಕ್ಕದ ಮೆಷಿನ್ 10.20.1.10 ಹೊರಗೆ ಏನೋ ಕೇಳ್ತು. ಟಿಯರ್-1 ದಾಟಿತು, ಟಿಯರ್-0 ದಾಟಿತು, ಹೊರಗಿನ ರೌಟರ್ ತಲುಪಿತು, ಆಚೆಯ ಸರ್ವರ್ ಉತ್ತರವನ್ನೂ ಕೊಟ್ಟಿತು. ಆ ಉತ್ತರ ಹೊರಗಿನ ರೌಟರ್ ಹತ್ರ ಬಂದಾಗ ಅದು ಕೇಳುತ್ತೆ: 10.20.1 ಅನ್ನೋ ಊರು ಎಲ್ಲಿದೆ? ಅದಕ್ಕೆ ಯಾರೂ ಹೇಳಿಲ್ಲ. ಗೊತ್ತಿಲ್ಲದ ಊರಿನ ಕಾಗದವನ್ನ ಅದು ಬಿಸಾಕುತ್ತೆ.

ಹಾಗಾದ್ರೆ ಯಾರು ಹೇಳಬೇಕು? ಮೂರು ಜಾಗದಲ್ಲಿ ಹೇಳಬೇಕು. ಟಿಯರ್-1ರಲ್ಲಿ ರೌಟ್ ಅಡ್ವರ್ಟೈಸ್‌ಮೆಂಟ್ ಅನ್ನೋದರ ಕೆಳಗೆ, ತನಗೆ ಸೇರಿದ ಸೆಗ್‌ಮೆಂಟ್‌ಗಳನ್ನ ಮೇಲೆ ಹೇಳೋ ಗುಂಡಿ ಆನ್ ಇದೆಯಾ ನೋಡಿ. ಬಿಜಿಪಿ ಇದ್ರೆ ಟಿಯರ್-0ರಲ್ಲಿ ರೌಟ್ ರೀಡಿಸ್ಟ್ರಿಬ್ಯೂಷನ್ ಅನ್ನೋದರ ಕೆಳಗೆ, ಟಿಯರ್-1ರ ಊರುಗಳನ್ನ ಹೊರಗೆ ಹೇಳೋಕೆ ಅನುಮತಿ ಕೊಟ್ಟಿದ್ದೀರಾ ನೋಡಿ. ಬಿಜಿಪಿ ಇಲ್ಲದೇ ಸ್ಟ್ಯಾಟಿಕ್ ಇದ್ರೆ, ಹೊರಗಿನ ರೌಟರಲ್ಲಿ '10.20.0.0/16ಕ್ಕೆ ಹೋಗಬೇಕಾದ್ರೆ 192.168.50.4ಕ್ಕೆ ಕೊಡು' ಅಂತ ಬರೆಸಿದ್ದೀರಾ ನೋಡಿ. ನಮ್ಮ ಊರು ಇದೆ ಅಂತ ನಾವು ಹೇಳದೇ ಇದ್ರೆ ಹೊರಗಿನವರಿಗೆ ಅದು ಇಲ್ಲವೇ ಇಲ್ಲ.

ಇನ್ನೊಂದು ಸಂಗತಿ, ಯುಆರ್‌ಪಿಎಫ್. ಇಂಟರ್‌ಫೇಸಲ್ಲಿ ಇದು ಮೊದಲಿಂದಲೇ 'ಸ್ಟ್ರಿಕ್ಟ್' ಅಂತ ಇರುತ್ತೆ. ಒಳಗೆ ಬರೋ ಪ್ರತಿ ಪ್ಯಾಕೆಟನ್ನೂ ಅದು ಕೇಳುತ್ತೆ: ನೀನು ಎಲ್ಲಿಂದ ಬಂದೆಯೋ ಅಲ್ಲಿಗೆ ಮರಳಿ ಹೋಗೋ ದಾರಿ ಇದೇ ಬಾಗಿಲಿನಿಂದ ಇದೆಯಾ? ಇಲ್ಲ ಅಂದ್ರೆ ಒಳಗೇ ಬಿಡಲ್ಲ. ಸುಳ್ಳು ವಿಳಾಸ ಹೇಳಿ ನುಗ್ಗೋರನ್ನ ತಡೆಯೋಕೆ ಈ ಏರ್ಪಾಡು. ಹೋಗೋದು ಒಂದು ಬಾಗಿಲು, ಬರೋದು ಇನ್ನೊಂದು ಬಾಗಿಲು ಅಂತ ದಾರಿ ಮಾಡಿದ್ರೆ ಇಲ್ಲಿ ಸಿಕ್ಕಿಹಾಕಿಕೊಳ್ತೀರಿ.

ಎಂಟಿಯು ಬಗ್ಗೆಯೂ ಎರಡು ಮಾತು. ಸಾಮಾನ್ಯ ಪ್ಯಾಕೆಟ್ಟಿನ ಗಾತ್ರ 1500. ಓವರ್‌ಲೇ ಮೇಲೆ ಜನೀವ್ ಹೊದಿಕೆ ಹೊದಿಸಿದ ಮೇಲೆ ಅದು ದಪ್ಪ ಆಗುತ್ತೆ. ಅದಕ್ಕೇ ಸರ್ವರ್‌ಗಳ ನಡುವಿನ ನಿಜ ನೆಟ್‌ವರ್ಕಲ್ಲಿ ಕನಿಷ್ಠ 1600 ಬೇಕು. ಇಲ್ಲದಿದ್ರೆ ಚಿಕ್ಕ ಪಿಂಗ್ ಓಡುತ್ತೆ, ದೊಡ್ಡ ಫೈಲ್ ನಿಂತುಬಿಡುತ್ತೆ. ಪಿಂಗ್ ಆಗ್ತಿದೆ, ಕೆಲಸ ಆಗ್ತಿಲ್ಲ ಅಂತ ಪ್ರಶ್ನೆ ಬಂದ್ರೆ ಮೊದಲು ಎಂಟಿಯು ನೆನಪಿಸಿಕೊಳ್ಳಿ. ಪರೀಕ್ಷಿಸೋಕೆ 1572 ಗಾತ್ರದ, ಒಡೆಯಬಾರದು ಅಂತ ಗುರುತು ಹಾಕಿದ ಪಿಂಗ್ ಕಳಿಸಿ. ಅದರ ಮೇಲೆ 28 ಬೈಟ್ ತಲೆಬರಹ ಸೇರಿದ್ರೆ ಸರಿಯಾಗಿ 1600.

ತಪ್ಪು ಹುಡುಕೋ ಕ್ರಮವನ್ನೂ ಬರೆದುಕೊಳ್ಳಿ. ಹತ್ತಿರದಿಂದ ದೂರಕ್ಕೆ ಹೋಗಿ. ಮೊದಲು ನಮ್ಮ ಸೆಗ್‌ಮೆಂಟಿನ ಬಾಗಿಲು 10.20.1.1ಕ್ಕೆ ಪಿಂಗ್. ಆಮೇಲೆ ಪಕ್ಕದ ಸೆಗ್‌ಮೆಂಟಿನ ಬಾಗಿಲು. ಆಮೇಲೆ ಟಿಯರ್-0ರ ಹೊರಮುಖ. ಆಮೇಲೆ ಹೊರಗಿನ ರೌಟರ್. ಎಲ್ಲಿ ನಿಂತಿತೋ ಅಲ್ಲಿ ನೋಡಿ. ಎಡ್ಜ್ ಒಳಗೆ ಹೋಗಿ 'ಗೆಟ್ ಲಾಜಿಕಲ್-ರೌಟರ್ಸ್' ಕೊಟ್ಟು, ಬೇಕಾದ ವಿಆರ್‌ಎಫ್ ಒಳಗೆ ಇಳಿದು, 'ಗೆಟ್ ಇಂಟರ್‌ಫೇಸಸ್', 'ಗೆಟ್ ರೌಟ್', 'ಗೆಟ್ ಬಿಜಿಪಿ ನೇಬರ್ ಸಮ್ಮರಿ' ನೋಡೋದನ್ನ ಕೈಗೆ ರೂಢಿ ಮಾಡಿಕೊಳ್ಳಿ.

ಲ್ಯಾಪ್‌ಟಾಪ್ ಚಿಕ್ಕದು ಅಂತ ಕೈಬಿಡಬೇಡಿ

ಎನ್‌ಎಸ್‌ಎಕ್ಸ್ ಮ್ಯಾನೇಜರ್ ಮಧ್ಯಮ ಗಾತ್ರದ್ದಕ್ಕೇ 24 ಜಿಬಿ ರ‍್ಯಾಮ್ ಬೇಕು. ಎಡ್ಜ್‌ಗೆ ಇನ್ನೊಂದು 8. ನಮ್ಮ ಮನೆಗಳಲ್ಲಿ ಅಂಥ ಮೆಷಿನ್ ಇಲ್ಲ. ಎನ್‌ಎಸ್‌ಎಕ್ಸ್‌ನ ಪರದೆಗಳ ಪರಿಚಯಕ್ಕೆ ವಿಎಂವೇರ್ ಹ್ಯಾಂಡ್ಸ್-ಆನ್ ಲ್ಯಾಬ್ಸ್ ಇದೆ, ಬ್ರೌಸರಲ್ಲೇ ಓಡುತ್ತೆ. ಮೂಲ ತತ್ವಕ್ಕೆ ಅದೂ ಬೇಡ, 4 ಜಿಬಿಯ ಹಳೇ ಲ್ಯಾಪ್‌ಟಾಪಲ್ಲಿ ಲಿನಕ್ಸ್ ಇದ್ರೆ ಸಾಕು.

ಲಿನಕ್ಸಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ಅಂತ ಇದೆ. ಒಂದು ಮೆಷಿನ್ ಒಳಗೇ ಬೇರೆ ಬೇರೆ ಪುಟ್ಟ ನೆಟ್‌ವರ್ಕ್ ಲೋಕ. ಮೂರು ಮಾಡಿ. ನಾವು ಅವಕ್ಕೆ ಮನೆ, ಬಾಗಿಲು, ಹೊರಗೆ ಅಂತಲೇ ಹೆಸರಿಟ್ಟಿದ್ದೇವೆ. ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲಿ, ಹೆಸರು ಮಾತ್ರ ನಮ್ಮದು. ವೆತ್ ಅನ್ನೋ ಜೋಡಿ ತಂತಿಯಿಂದ ಮನೆಯನ್ನ ಬಾಗಿಲಿಗೆ, ಬಾಗಿಲನ್ನ ಹೊರಗಿಗೆ ಜೋಡಿಸಿ. ಬಾಗಿಲಿನ ಒಳಮುಖಕ್ಕೆ 10.20.1.1/24, ಹೊರಮುಖಕ್ಕೆ 192.168.50.2/24. ಮನೆಗೆ 10.20.1.10/24, ಹೊರಗಿಗೆ 192.168.50.1/24. ಎಲ್ಲ ಮುಖಗಳನ್ನೂ ಅಪ್ ಮಾಡಿ. ಬಾಗಿಲಲ್ಲಿ ಐಪಿ ಫಾರ್ವರ್ಡ್ 1 ಮಾಡಿ. ಮನೆಯಲ್ಲಿ ಡಿಫಾಲ್ಟ್ ದಾರಿ 10.20.1.1 ಅಂತ ಕೊಡಿ.

ಈಗ ಮನೆಯಿಂದ ಹೊರಗೆ ಪಿಂಗ್ ಮಾಡಿ. ಆಗಲ್ಲ! ಟಿಸಿಪಿಡಂಪ್ ಹಾಕಿ ಹೊರಗಿನ ಕಡೆ ನೋಡಿ. ಪ್ಯಾಕೆಟ್ ಬರ್ತಾ ಇರುತ್ತೆ, ಉತ್ತರಕ್ಕೆ ಮಾತ್ರ ದಾರಿ ಇರಲ್ಲ. ಹೊರಗಿನಲ್ಲಿ '10.20.1.0/24ಕ್ಕೆ 192.168.50.2 ಮೂಲಕ' ಅಂತ ಒಂದು ಸಾಲು ಸೇರಿಸಿ. ಪಟ್ಟನೆ ಉತ್ತರ ಬರೋಕೆ ಶುರುವಾಗುತ್ತೆ. ಆ ಒಂದು ಸಾಲನ್ನ ತೆಗೆದು, ಹಾಕಿ, ತೆಗೆದು, ಹಾಕಿ ನೋಡಿ. ಹತ್ತು ಸಲ ಮಾಡಿದ್ರೆ ಜನ್ಮದಲ್ಲಿ ಮರೆಯಲ್ಲ. ಎರಡನೇ ಸಲ ಪರೀಕ್ಷೆಗೆ ಕೂತಾಗ ನಮ್ಮಲ್ಲಿ ಇಬ್ಬರು ಪಾಸಾಗಿದ್ದು ಈ ಅಭ್ಯಾಸದಿಂದ. ಮೂರನೆಯವರಿಗೆ ಮತ್ತೆ ಶುಲ್ಕ ಕಟ್ಟೋಕೆ ಆಗಿಲ್ಲ. ಅವರ ಹೆಸರಲ್ಲಿ ನಾವು ಚೀಟಿ ಕಟ್ಟುತ್ತಿದ್ದೇವೆ.

ಇದು ಒಂದೇ ಕಂಪನಿಯ ಪರೀಕ್ಷೆಗೆ ಮಾತ್ರ ಅಂದುಕೋಬೇಡಿ. ಅಮೆಜಾನ್ ಕ್ಲೌಡಲ್ಲಿ ಸಬ್‌ನೆಟ್ಟಿನ ಮೊದಲ ಬಳಸಬಹುದಾದ ವಿಳಾಸವನ್ನ ರೌಟರಿಗೆ ಅಂತ ಅವರೇ ಕಾದಿರಿಸಿರ್ತಾರೆ. ಅಝೂರ್‌ನಲ್ಲಿ ವಿಪಿಎನ್ ಗೇಟ್‌ವೇಗೆ 'ಗೇಟ್‌ವೇಸಬ್‌ನೆಟ್' ಅನ್ನೋ ಹೆಸರಿನ ಸಬ್‌ನೆಟ್ಟೇ ಬೇಕು. ಪರದೆ ಬೇರೆ, ಹೆಸರು ಬೇರೆ, ಲೆಕ್ಕ ಒಂದೇ. ಬಾಗಿಲಿಗೆ ಮುಖ ಎಷ್ಟು, ಯಾವ ಮುಖ ಯಾವ ಕಡೆಗೆ, ಮರಳೋ ದಾರಿ ಯಾರಿಗೆ ಗೊತ್ತು? ಈ ಮೂರು ಪ್ರಶ್ನೆ ಕನ್ನಡದಲ್ಲಿ ಕೇಳಿಕೊಳ್ಳಿ, ಉತ್ತರ ಇಂಗ್ಲಿಷಲ್ಲಿ ಗುರುತು ಮಾಡಿ.

ಕೊನೆಯದಾಗಿ

ಪೀಳಮೇಡು, ಸರವಣಂಪಟ್ಟಿಯ ಐಟಿ ಕಟ್ಟಡಗಳಿಗೆ ನಮ್ಮ ಹುಡುಗ-ಹುಡುಗಿಯರು ದಿನಾ ಹೋಗ್ತಿದ್ದಾರೆ. ಇನ್ನೂ ಹೋಗಬೇಕು. ಬೆಂಗಳೂರಿಗೂ, ಅದರಾಚೆಗೂ ಹೋಗಬೇಕು. ಮಗ್ಗದ ಕೂಲಿ ಇವತ್ತು ಒಂದು ಮನೆ ನಡೆಸೋಕೆ ಸಾಲಲ್ಲ ಅಂತ ಹಿಂದೆ ಕೂತಿರೋ ಅಪ್ಪಂದಿರಿಗೆ ನಾವು ಹೇಳಬೇಕಾಗಿಲ್ಲ. ಹೊರಮುಖ ಗಟ್ಟಿಯಾಗಿರಬೇಕು, ತಮಿಳೂ ಇಂಗ್ಲಿಷೂ ಚೆನ್ನಾಗಿ ಬರಬೇಕು.

ಆದ್ರೆ ಒಳಮುಖ ಡೌನ್ ಆಗಿದ್ರೆ ಆ ಗೇಟ್‌ವೇ ಯಾರ ಮನೆಯದ್ದು? ನಮ್ಮ ಕೆಲವು ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಕೇಳ್ತಾರೆ, ಮೊಮ್ಮಗು ತಮಿಳಲ್ಲಿ ಉತ್ತರ ಕೊಡುತ್ತೆ. ಅಜ್ಜಿಗೆ ಅದು ಅರ್ಥ ಆಗುತ್ತೆ, ಸರಿ. ಇನ್ನೊಂದು ತಲೆಮಾರಿಗೆ ಕೇಳೋ ಅಜ್ಜಿಯೇ ಇರಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸೋ ಅನುಕೂಲ ಮಾಡಬೇಕು ಅನ್ನುತ್ತೆ. ಅದಕ್ಕೆ ನಾವು ಅರ್ಜಿ ಹಾಕ್ತೇವೆ, ಹಾಕ್ತಲೇ ಇರ್ತೇವೆ. ಅರ್ಜಿಗೆ ಉತ್ತರ ಬರೋ ತನಕ ಮನೆ ಜಗಲಿ ಇದೆಯಲ್ಲ, ಅಲ್ಲಿ ಪಾಠ ಶುರು ಮಾಡೋಕೆ ಯಾರ ಅಪ್ಪಣೆಯೂ ಬೇಡ.

ನಿಮಗೆ ಒಂದೇ ಕೆಲಸ ಕೊಡ್ತೇವೆ. ಇವತ್ತು ಕೇಳಿದ್ದನ್ನ ಈ ವಾರದೊಳಗೆ ಮನೇಲಿ ಒಬ್ಬರಿಗೆ ಕನ್ನಡದಲ್ಲಿ ಹೇಳಿ. ತಂಗಿಗೆ ಹೇಳಿ, ಪಕ್ಕದ ಮನೆ ಹುಡುಗನಿಗೆ ಹೇಳಿ. ಎಲ್ಲಿ ತಡವರಿಸ್ತೀರೋ ಅಲ್ಲಿ ನಿಮಗೆ ವಿಷಯ ಬಂದಿಲ್ಲ ಅಂತ ಅರ್ಥ, ಅದನ್ನ ಬರೆದುಕೊಂಡು ಮುಂದಿನ ಭಾನುವಾರ ತನ್ನಿ. ಕನ್ನಡ ಅಕ್ಷರ ಬಾರದವರು ತಮಿಳು ಅಕ್ಷರದಲ್ಲೇ ಬರೆದು ತನ್ನಿ, ಯಾರೂ ನಗಲ್ಲ. ಅಕ್ಷರ ಕಲಿಸೋಕೆ ಪಾಠ ಆದ ಮೇಲೆ ಅರ್ಧ ಗಂಟೆ ಇಟ್ಟಿದ್ದೇವೆ.

ಮುಂದಿನ ವಾರ ಬಿಜಿಪಿ. ಲ್ಯಾಪ್‌ಟಾಪ್ ಇದ್ದವರು ತನ್ನಿ, ಇಲ್ಲದವರು ಇದ್ದವರ ಪಕ್ಕ ಕೂತುಕೊಳ್ಳಿ. ಅಮ್ಮಂದಿರು ಕಾಫಿ ಮಾಡಿದ್ದಾರೆ, ಕುಡಿದು ಹೋಗಿ.